ಕಲ್ಲಿಲ್ಲದ ದಾರಿಯಲ್ಲಿ ಸುಮಿತ್ರಕ್ಕ

ಜೆರೇನಿಯಮ್ ಗಿಡದ ಎಲೆಯನ್ನು ಬೆರಳಲ್ಲಿ ಉಜ್ಜಿ ಮೂಸಿದ್ದೀರಾ? ಹೂವಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಎಲ್ಲ ಘಾಟೂ ಎಲೆಯಲ್ಲೇ. ಒಂದಿಷ್ಟು ನಿಂಬೆಸಿಪ್ಪೆಯದು, ಒಂದಿಷ್ಟು ಹಳೆಯ ಬೀರುವಿನದು. ಮೊನ್ನೆ ಶನಿವಾರ ನನ್ನ ಹೆಂಡತಿ ಕಾರಿನ ತುಂಬ ಅವೇ ಕುಂಡಗಳನ್ನು ತುಂಬಿಸಿಕೊಂಡು ಬಂದು, ಅಮೆರಿಕದ ಮಾರಿಸ್‌ವಿಲ್‌ನ ನಮ್ಮ ಟೌನ್‌ಹೌಸಿನ ಡೆಕ್ ಮೇಲೆ ಸಾಲಾಗಿ ಇರಿಸಿದಳು. "ಜಿಂಕೆ ತಿನ್ನಲ್ವಂತೆ ರೀ, ಅಂಗಡಿಯವನು ಗ್ಯಾರಂಟಿ ಕೊಟ್ಟ" ಎಂದಳು. ಹಾಗೆ ಗ್ಯಾರಂಟಿ ಕೊಟ್ಟ ಗಿಡಗಳನ್ನೆಲ್ಲ ನಮ್ಮ ಜಿಂಕೆಗಳು ಈವರೆಗೆ ತಿಂದು ಮುಗಿಸಿವೆ ಎಂದು ಗೊಣಗುತ್ತ ನಾನೊಂದು ಒಣಗಿದ ಎಲೆ ಕಿತ್ತೆ. ಬೆರಳು ತಾನಾಗಿ ಮೂಗಿನ ಹತ್ತಿರ ಹೋಯಿತು. ಅಷ್ಟೇ, ನಾನು ಫ್ರಾನ್ಸಿನ ಒಂದು ಹಳ್ಳಿಯ ಕಾಲುವೆ ದಂಡೆಯ ಮೇಲೆ ಏದುಸಿರು ಬಿಡುತ್ತ, ಸುಮಿತ್ರಕ್ಕನ ಬೆನ್ನು ನೋಡುತ್ತ ಓಡುತ್ತಿದ್ದೆ.

ಸುಮಿತ್ರಕ್ಕ ನನ್ನ ದೊಡ್ಡಪ್ಪನ ಮಗಳು. ನಾನು ತೊಂಬತ್ತರ ದಶಕದಲ್ಲಿ ಕೆಲಸಕ್ಕೆಂದು ವರ್ಜೀನಿಯಾಕ್ಕೆ ಬಂದಿಳಿದಾಗ ಫೇರ್‌ಫ್ಯಾಕ್ಸಿನಲ್ಲಿ ಅವರ ಮನೆಯ ಬೇಸ್‌ಮೆಂಟೇ ನನ್ನ ಮೊದಲ ವಿಳಾಸ. ಆಗ ಅವರಿಗೆ ನಲವತ್ತು ದಾಟಿತ್ತು, ನನಗೆ ಮೂವತ್ತು ಹತ್ತಿರವಿತ್ತು. ಹೊಟ್ಟೆಯ ವಿಚಾರಕ್ಕೆ ಬಂದರೆ ನಾನೇ ಹಿರಿಯ. ಅಕ್ಕ ಹೈಸ್ಕೂಲಿನಲ್ಲಿ ಮೈಸೂರಿನ ಮೈದಾನದಲ್ಲಿ ಓಡಿ ಕಪ್ ಗೆದ್ದವರು. ಮದುವೆಯಾದ ಮೇಲೆ ಬಿಟ್ಟುಹೋಗಿದ್ದ ಓಟ, ಮಗ ವಿನು ಶಾಲೆಯ ಓಟದ ಟೀಮು ಸೇರಿದಾಗ ಮತ್ತೆ ಹತ್ತಿಕೊಂಡಿತು. ಬೆಳಗಾದರೆ ತಾಯಿ ಮಗ ಇಬ್ಬರೂ ಹತ್ತಿರದ ಕೆರೆ ಸುತ್ತಿ ಬರುತ್ತಿದ್ದರು. ಚೂಡಿದಾರದ ಮೇಲೆ ಸ್ವೆಟರು, ಕಾಲಿಗೆ ಮಗ ಬಿಟ್ಟ ಹಳೆಯ ಶೂ. ದಾರಿಯಲ್ಲಿ ಸಿಗುವ ಅಮೆರಿಕನ್ನರು ಮೊದಮೊದಲು ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆಂದು ಗಾಬರಿಯಾಗುತ್ತಿದ್ದರಂತೆ.

ಹೈಸ್ಕೂಲು ಮುಗಿದ ಬೇಸಿಗೆಯಲ್ಲಿ ವಿನು ಒಂದು ಸಂಜೆ ತಲೆ ಬೋಳಿಸಿಕೊಂಡು ಮನೆಗೆ ಬಂದ. ಕಾಲೇಜಲ್ಲ, ಆರ್ಮಿ ಸೇರಿದ್ದೇನೆ ಎಂದ. ನಮ್ಮ ಕಡೆಯ ಹುಡುಗರು ಡಾಕ್ಟರಾಗುತ್ತಾರೆ, ಎಂಜಿನಿಯರಾಗುತ್ತಾರೆ, ತೀರ ಕೈಮೀರಿದರೆ ಲಾಯರಾಗುತ್ತಾರೆ. ಆರ್ಮಿ ಎಂಬುದು ಯಾರ ಪಟ್ಟಿಯಲ್ಲೂ ಇರಲಿಲ್ಲ. ಗಣೇಶನ ಹಬ್ಬಕ್ಕೆ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ ಹೆಂಗಸರು ಸುಮಿತ್ರಕ್ಕನ ಕೈ ಹಿಡಿದುಕೊಂಡು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಮಾತಾಡಿದರು. ಅಕ್ಕ ಅಳಲಿಲ್ಲ. "ಅವನ ಮುಡಿ ತೆಗೆಸೋಕೆ ಅಂತ ಇಲ್ಲಿಂದ ತಿರುಪತಿಗೆ ಹೋಗಿದ್ವಿ ಕಣೋ. ಈಗ ನೋಡು, ಯಾವನಿಗೋ ಹೋಗಿ ಮುಡಿ ಕೊಟ್ಟು ಬಂದಿದಾನೆ" ಎಂದು ನನ್ನ ಮುಂದೆ ಒಮ್ಮೆ ಹೇಳಿದರು. ಅಷ್ಟೇ. ಮಗನ ಜೊತೆ ಮಾತು ಬಿಟ್ಟರು. ಅವನು ನಾರ್ತ್ ಕೆರೊಲೈನಾದ ಆರ್ಮಿ ಬೇಸಿನಿಂದ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದ. ಅಕ್ಕ ರಿಸೀವರನ್ನು ಭಾವನ ಕೈಗೆ ಕೊಟ್ಟು ಸಿಂಕಿನ ನಲ್ಲಿ ಜೋರಾಗಿ ತಿರುಗಿಸುತ್ತಿದ್ದರು.

ಓಟ ಮಾತ್ರ ಬಿಡಲಿಲ್ಲ. ಜೊತೆಗೆ ಯಾರಾದರೂ ಬೇಕಲ್ಲ, ಬೇಸ್‌ಮೆಂಟಿನಲ್ಲಿ ಮಲಗಿದ್ದ ನನ್ನನ್ನು ಎಬ್ಬಿಸಿದರು. ಒಂದು ವರ್ಷ ಅವರ ಹಿಂದೆ ಓಡಿದೆ. ಮುಂದೆ ಓಡಿದ ನೆನಪಿಲ್ಲ.

ಮುಂದಿನ ಬೇಸಿಗೆಯ ಹೊತ್ತಿಗೆ ನಮ್ಮ ಕಂಪನಿಯವರು ನನ್ನನ್ನು ಫ್ರಾನ್ಸಿನ ಒಂದು ಸಣ್ಣ ಊರಿಗೆ ಕಳಿಸಿದರು. ಅಲ್ಲಿನ ಗಾಜಿನ ಬಾಟಲಿ ಫ್ಯಾಕ್ಟರಿಗೆ ಹೊಸ ಸಾಫ್ಟ್‌ವೇರ್ ಹಾಕಿಕೊಡುವ ಕೆಲಸ. ಇರಲು ಕಾಲುವೆ ಪಕ್ಕದಲ್ಲಿ ಅಡುಗೆಮನೆಯಿರುವ ಒಂದು ಮನೆ. ಭಾವ ನನ್ನನ್ನು ಗರಾಜಿಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದರು. "ನಿಮ್ಮಕ್ಕನ್ನ ಕರ್ಕೊಂಡು ಹೋಗಯ್ಯ. ವೆಕೇಶನ್ ಬಾಕಿ ಇದೆ ಅವಳಿಗೆ. ತಿಂಗಳ ಕೊನೇಲಿ ವಿನೂನ ಆ ಯುದ್ಧ ಆಗಿರೋ ಬೋಸ್ನಿಯಾಗೆ ಕಳಿಸ್ತಾರಂತೆ. ಅಷ್ಟರೊಳಗೆ ಅವಳು ಅವನ ಹತ್ರ ಒಂದು ಮಾತಾಡ್ಬೇಕು. ನಾನು ಹೇಳಿದ್ರೆ ಆಗಲ್ಲ, ನೀನು ಹೆಂಗಾದ್ರೂ ಮಾಡು."

ನಾನು ಹೇಗೆ ಮಾಡುವುದು? ನನ್ನ ಮಾತನ್ನು ಬೀದಿಯ ನಾಯಿಮರಿಯೂ ಕೇಳುತ್ತಿರಲಿಲ್ಲ. ಆದರೂ ಅಕ್ಕನ ಮುಂದೆ, ಫ್ರಾನ್ಸಿನಲ್ಲಿ ಸಸ್ಯಾಹಾರಿಯೊಬ್ಬ ಹೇಗೆ ಬರೀ ಬ್ರೆಡ್ ತಿಂದು ಸೊರಗಿಹೋಗಬಹುದೆಂದು ಬಣ್ಣಿಸಿದೆ. ಅಕ್ಕ ನನ್ನ ಹೊಟ್ಟೆ ನೋಡಿದರು. ಅದು ಸೊರಗಲು ಸಾಕಷ್ಟು ಸಮಯ ಹಿಡಿಯುತ್ತದೆಂದು ಅವರಿಗೂ ಗೊತ್ತಿತ್ತು. ಆದರೂ ಸಾರಿನಪುಡಿ ಕಟ್ಟಿಕೊಂಡು ಹೊರಟುಬಂದರು.

ಆ ಊರು ಓಡುವವರಿಗೆಂದೇ ಮಾಡಿದ ಹಾಗಿತ್ತು. ಕಾಲುವೆ ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯದಷ್ಟು ನಿಧಾನ. ದಂಡೆಯುದ್ದಕ್ಕೂ ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ಸಮತಟ್ಟಾದ ದಾರಿ, ಎರಡೂ ಬದಿಗೆ ಎತ್ತರದ ಮರಗಳು. ಅಲ್ಲಲ್ಲಿ ದೋಣಿಗಳನ್ನು ಮೇಲಕ್ಕೂ ಕೆಳಕ್ಕೂ ದಾಟಿಸುವ ತೂಬು, ತೂಬಿನ ಪಕ್ಕ ಅದನ್ನು ಕಾಯುವವನ ಗೂಡಿನಂಥ ಮನೆ. ಮೊದಲ ದಿನ ಬೆಳಿಗ್ಗೆ ಅಕ್ಕ ಕಾಲುವೆ ಗಾಳಿ ಕುಡಿದು ಹುಡುಗಿಯ ಹಾಗೆ ಓಡಿದರು. ಊರ ಚೌಕಕ್ಕೆ ತಿರುಗಿದೆವು. ಅಲ್ಲಿ ಕಂಬದ ಮೇಲೆ ಕಲ್ಲಿನ ಸೈನಿಕ, ಕೈಯಲ್ಲಿ ಬಂದೂಕು. ಕೆಳಗೆ ನಾಲ್ಕೂ ಮುಖದಲ್ಲಿ ಕೊರೆದ ಹೆಸರುಗಳು, ಮೊದಲ ಮಹಾಯುದ್ಧಕ್ಕೆ ಹೋಗಿ ಸತ್ತ ಆ ಊರಿನ ಹುಡುಗರವು. ಬುಡದಲ್ಲಿ ಕೆಂಪು ಜೆರೇನಿಯಮ್. ಅಕ್ಕ ನಿಂತುಬಿಟ್ಟರು.

"ಈ ರೂಟ್ ಬೇಡ" ಎಂದರು. "ನಾಳೆಯಿಂದ ಬೇರೆ ನೋಡು."

ನೋಡಿದೆ. ಎರಡನೆಯ ದಿನ ಕಾಲುವೆಯ ಇನ್ನೊಂದು ದಿಕ್ಕಿಗೆ ಹೋದೆವು. ಎಷ್ಟು ಸಣ್ಣ ಹಳ್ಳಿಯೆಂದರೆ ಬ್ರೆಡ್ ಅಂಗಡಿಯೂ ಇರಲಿಲ್ಲ. ಅಂಥದೇ ಕಲ್ಲಿತ್ತು. ಮೂರನೆಯ ದಿನ ಪಾರ್ಕಿನೊಳಗಿನ ದಾರಿ. ಚೆಸ್ಟ್‌ನಟ್ ಮರಗಳು, ಬಾತುಕೋಳಿ ಕೊಳ, ಕಬ್ಬಿಣದ ಗುಂಡು ಎಸೆದು ಆಡುವ ಮುದುಕರು, ಅವರ ಬೆನ್ನ ಹಿಂದೆಯೇ ಕಲ್ಲು. ಮತ್ತೊಂದು ದಿನ ಹಿಂದಿನ ಕಾಲದ ಬಟ್ಟೆ ಒಗೆಯುವ ಕಟ್ಟೆ ಸಿಕ್ಕಿತು. ಅಕ್ಕನಿಗೆ ಖುಷಿಯೋ ಖುಷಿ, ಒಗೆಯುವ ಕಲ್ಲಿನ ಇಳಿಜಾರು ಸರಿಯಾಗಿದೆಯೆಂದು ಬಗ್ಗಿ ಪರೀಕ್ಷಿಸಿದರು. ತಲೆಯೆತ್ತಿದರೆ ಎದುರು ಗೋಡೆಯ ಮೇಲೆ ಹೆಸರುಗಳ ಫಲಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ನಮ್ಮಿಬ್ಬರದು ಹಾಗಲ್ಲ. ನಾವಿಬ್ಬರೂ ಒಂದೇ ದಿಕ್ಕಿಗೆ ಎಳೆದರೂ ಫ್ರಾನ್ಸ್ ದೇಶ ಮಾತ್ರ ನಮ್ಮನ್ನು ತಂದು ಆ ಕಲ್ಲಿನ ಮುಂದೆಯೇ ನಿಲ್ಲಿಸುತ್ತಿತ್ತು.

ಒಂದು ಸಂಜೆ ಸಾರು ಕುದಿಯುತ್ತಿರುವಾಗ ಅಕ್ಕ ತಾವಾಗಿಯೇ ಅಜ್ಜನ ಊರಿನ ವೀರಗಲ್ಲಿನ ಮಾತು ತೆಗೆದರು. ನಾಗಮಂಗಲದ ಕಡೆ ನಮ್ಮಜ್ಜನ ಊರಿನ ಕೆರೆ ಏರಿಯ ಮೇಲೆ ಅಂಥದೊಂದು ಕಲ್ಲಿತ್ತು. ಅಜ್ಜಿ ಅಮಾವಾಸ್ಯೆಗೊಮ್ಮೆ ಅದಕ್ಕೆ ಎಣ್ಣೆ ಹಚ್ಚುತ್ತಿದ್ದಳು. ನಾವು ಮಕ್ಕಳು ಅದಕ್ಕೆ ಒರಗಿಕೊಂಡು ಹುಣಸೆಕಾಯಿ ತಿನ್ನುತ್ತಿದ್ದೆವು. ದನ ಕದ್ದವರ ಜೊತೆ ಕಾದಾಡಿ ಸತ್ತವನಂತೆ, ಹೆಸರು ಯಾರಿಗೂ ಗೊತ್ತಿಲ್ಲ.

"ಅದರ ಮೇಲೆ ಏನೇನಿತ್ತು ಹೇಳು ನೋಡೋಣ" ಎಂದರು ಅಕ್ಕ.

ನಾನು ನೆನಪಿಸಿಕೊಂಡು ಹೇಳಿದೆ. ಕೆಳಗೆ ಕತ್ತಿ ಹಿಡಿದ ವೀರ, ದನಗಳು. ನಡುವೆ ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ, ಪೂಜೆ ಮಾಡುವವರು.

"ದನ ಇದೆ, ದೇವರಿದಾನೆ, ಡ್ಯಾನ್ಸ್ ಮಾಡೋರು ಇದಾರೆ. ಅವನ ಅಮ್ಮ ಎಲ್ಲಿ?" ಎಂದರು. "ಅಷ್ಟು ದೊಡ್ಡ ಕಲ್ಲಲ್ಲಿ ಅವಳಿಗೆ ಒಂಚೂರು ಜಾಗ ಇರ್ಲಿಲ್ವಾ? ಇಲ್ಲೂ ಅಷ್ಟೇ. ಎಲ್ಲಿ ನೋಡಿದ್ರೂ ಆ ಬಂದೂಕಿನವನೇ." ಅಷ್ಟು ಹೇಳಿ ಸಾರಿಗೆ ಎರಡನೆಯ ಸಲ ಉಪ್ಪು ಹಾಕಿದರು. ನಾನು ಆ ಉಪ್ಪುಪ್ಪು ಸಾರನ್ನೇ ಉಂಡೆ. ವಿನುವಿನ ಮಾತು ಎತ್ತಲು ಅದು ಸರಿಯಾದ ಹೊತ್ತಾಗಿತ್ತು. ಧೈರ್ಯ ಬರಲಿಲ್ಲ. ತಿಂಗಳ ಕೊನೆ ಹತ್ತಿರ ಬರುತ್ತಿತ್ತು.

ಮರುದಿನ ನಮ್ಮ ಮನೆಯೊಡತಿ ಮದಾಮ್ ಜೋಸೆಟ್ ಬಳಿ ಹೋದೆ. ಆಕೆಗೆ ಬರುವ ಇಂಗ್ಲಿಷ್ ಬೊಗಸೆಯಷ್ಟು, ನನಗೆ ಬರುವ ಫ್ರೆಂಚ್ ಚಿಟಿಕೆಯಷ್ಟು. ಸೈನಿಕನ ಕಲ್ಲು ಇಲ್ಲದ ಊರು ಯಾವುದೆಂದು ಕೇಳಲು ನಾನು ಪೊರಕೆಯನ್ನು ಬಂದೂಕಿನಂತೆ ಹಿಡಿದು ಅಟೆನ್ಷನ್ನಿನಲ್ಲಿ ನಿಂತು, ಆಮೇಲೆ ಬೇಡ ಬೇಡ ಎಂದು ಕೈಯಾಡಿಸಬೇಕಾಯಿತು. ಆಕೆ ಒಂದು ಗಳಿಗೆ ಯೋಚಿಸಿ, ಕಾಲುವೆಯ ಮೂರನೆಯ ತೂಬು ದಾಟಿದರೆ ಸಿಗುವ ಹಳ್ಳಿಯ ಕಡೆ ಬೆರಳು ತೋರಿಸಿದಳು. "ನೋ ಸೋಲ್ಜರ್" ಎಂದಳು. ಪೊರಕೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

ಗುರುವಾರ ಅಲ್ಲಿ ಯಾವುದೋ ಹಬ್ಬದ ರಜೆ. ಯುದ್ಧ ಗೆದ್ದವನ ಹುಮ್ಮಸ್ಸಿನಲ್ಲಿ ನಾನು ಅಕ್ಕನನ್ನು ಹೊರಡಿಸಿದೆ. "ಇವತ್ತಿನ ರೂಟಲ್ಲಿ ಯಾರೂ ಇಲ್ಲ ಅಕ್ಕ. ಗ್ಯಾರಂಟಿ." ಮೊದಲ ತೂಬು, ಎರಡನೆಯ ತೂಬು, ಮೂರನೆಯ ತೂಬು. ಸೇತುವೆ ದಾಟಿ ಹಳ್ಳಿಗೆ ಹತ್ತಿದೆವು. ಚರ್ಚಿನ ಮುಂದೆ ಒಂದು ಪುಟ್ಟ ಅಂಗಳ.

ಮದಾಮ್ ಹೇಳಿದ್ದು ಸುಳ್ಳಲ್ಲ. ಅಲ್ಲಿ ಸೈನಿಕನಿರಲಿಲ್ಲ. ಕಲ್ಲಿನ ಪೀಠದ ಮೇಲೆ ಒಬ್ಬ ಹೆಂಗಸು ನಿಂತಿದ್ದಳು. ಹಳ್ಳಿಯ ಹೆಂಗಸು, ತಲೆಗೆ ಶಾಲು, ಸೊಂಟಕ್ಕೆ ಏಪ್ರನ್, ಕಾಲಿಗೆ ಮರದ ಪಾದರಕ್ಷೆ. ಕೈಗಳನ್ನು ಏಪ್ರನ್ನಿಗೆ ಈಗಷ್ಟೇ ಒರೆಸಿಕೊಂಡು ಬಾಗಿಲಿಗೆ ಬಂದವಳ ಹಾಗೆ, ನಾವು ಹತ್ತಿ ಬಂದ ದಾರಿಯನ್ನೇ ನೋಡುತ್ತಿದ್ದಳು. ಕೆಳಗೆ ಅವೇ ಹೆಸರುಗಳು, ಅದೇ ಜೆರೇನಿಯಮ್.  ಮದಾಮ್ ಬೇಕೆಂದೇ ಕಳಿಸಿದಳೋ, ಇಂಗ್ಲಿಷ್ ಸಾಲದೆ ಹೀಗಾಯಿತೋ ಇವತ್ತಿಗೂ ನನಗೆ ತಿಳಿದಿಲ್ಲ.

"ಸಾರಿ ಅಕ್ಕ, ಬಾ, ಹೋಗೋಣ" ಎಂದೆ.

ಅಕ್ಕನಿಗೆ ಕೇಳಿಸಲೇ ಇಲ್ಲ. ತುಂಬ ಹೊತ್ತು ಆ ಮುಖ ನೋಡಿದರು. "ಇಲ್ಲಿದಾಳೆ ನೋಡೋ" ಎಂದರು. ಆಮೇಲೆ ಬಗ್ಗಿ ಶೂ ಬಿಚ್ಚಿದರು, ಸಾಕ್ಸ್ ಬಿಚ್ಚಿದರು, ತಣ್ಣನೆಯ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಅವಳಿಗೊಂದು ಪ್ರದಕ್ಷಿಣೆ ಬಂದರು. ಬರುತ್ತ ಹೆಸರುಗಳನ್ನು ಬಾಯಿಗೆ ಬಂದ ಹಾಗೆ ಓದಿದರು. ಒಂದೇ ಮನೆತನದ ಹೆಸರು ಮೂರು ಸಲ ಬಂದ ಕಡೆ ಬೆರಳಿಟ್ಟು ನಿಂತರು. ಚರ್ಚಿನ ಬಾಗಿಲು ತೆರೆಯುತ್ತಿದ್ದ ಮುದುಕನೊಬ್ಬ, ಈ ಇಬ್ಬರು ಬೆವರಿದ ಇಂಡಿಯನ್ನರು ಏನು ಮಾಡುತ್ತಿದ್ದಾರೆಂದು ಕಕ್ಕಾಬಿಕ್ಕಿಯಾಗಿ ನೋಡಿ, ಮೆಲ್ಲಗೆ ಟೋಪಿ ತೆಗೆದ.

ಅಕ್ಕ ಜೆರೇನಿಯಮ್ಮಿನ ಒಂದು ಎಲೆ ಕಿತ್ತು, ಪ್ರಸಾದದ ಹಾಗೆ ಮೂಸಿ, ನನ್ನ ಕೈಗೂ ಒಂದು ಕೊಟ್ಟರು. ಕೇಳಿದರು: "ಫೋನ್ ಕಾರ್ಡ್ ಇದ್ಯಾ ನಿನ್ನ ಹತ್ರ?"

"ಅಲ್ಲೀಗ ನಡುರಾತ್ರಿ, ಅಕ್ಕ."

ಆ ದಿನ ಮಧ್ಯಾಹ್ನ ಆಗುವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಹೇಳಲಾರೆ. ಅಕ್ಕ ಚಿತ್ರಾನ್ನ ಮಾಡಿದರು, ತಿನ್ನಲಿಲ್ಲ. ನನ್ನ ಪ್ಯಾಂಟುಗಳನ್ನೆಲ್ಲ ಇಸ್ತ್ರಿ ಮಾಡಿದರು. ಕೊನೆಗೆ ಅಂಚೆ ಕಚೇರಿಯ ಪಕ್ಕದ ಫೋನ್ ಬೂತಿನೊಳಗೆ ಇಬ್ಬರೂ ತುರುಕಿಕೊಂಡೆವು. ನಾನು ವಿನುವಿನ ನಂಬರಿಗಾಗಿ ಜೇಬು ತಡಕಾಡುತ್ತಿದ್ದೆ. ಅಷ್ಟರಲ್ಲಿ ಅಕ್ಕ ಸರಸರನೆ ಒತ್ತಿ ಮುಗಿಸಿದ್ದರು. ವರ್ಷವಿಡೀ ಒಂದು ಸಲವೂ ಮಾಡದ ನಂಬರು ಅವರಿಗೆ ಬಾಯಿಪಾಠವಾಗಿತ್ತು.

ಆ ಕಡೆ ಯಾರೋ ಎತ್ತಿಕೊಂಡರು. ಅಕ್ಕ ಕೇಳಿಸಿಕೊಂಡು ಫೋನಿಟ್ಟರು. ಬೋಸ್ನಿಯಾಕ್ಕೆ ಹೊರಟುಹೋದನೇ?

"ರನ್ನಿಂಗ್ ಹೋಗಿದಾನಂತೆ" ಎಂದರು ಅಕ್ಕ. ಒಂದು ವರ್ಷದಲ್ಲಿ ಮೊದಲ ಸಲ ಅವರು ನಕ್ಕದ್ದನ್ನು ನಾನು ಆ ಗಾಜಿನ ಡಬ್ಬಿಯೊಳಗೆ ನೋಡಿದೆ.

ಇನ್ನೊಂದು ಗಂಟೆ ಕಾದು ಮತ್ತೆ ಮಾಡಿದರು. ಈ ಸಲ ಅವನೇ ಎತ್ತಿದ. ಅಕ್ಕ ನನಗಾಗಲಿ ನಿಮಗಾಗಲಿ ಹೊಳೆಯಬಹುದಾದ ಯಾವ ಮಾತನ್ನೂ ಆಡಲಿಲ್ಲ.

"ವಿನೂ, ತಿಂಡಿ ಆಯ್ತಾ?"

 ಬೂತಿನಲ್ಲಿ ಒರಗಿ ನಿಂತ ನನಗೂ ಕೇಳುವಷ್ಟು ಜೋರಾಗಿ, ಅವನ ಅಮೆರಿಕನ್ ಕನ್ನಡ. "ಅಮ್ಮಾ? ಅಮ್ಮಾ, ಈಸ್ ದಟ್ ಯೂ?"

"ನಾನೇ ಕಣೋ. ಎಷ್ಟು ಮೈಲಿ ಓಡ್ದೆ? ಶೂ ಹೊಸದು ತಗೊಂಡ್ಯಾ, ಅದೇ ಹಳೇದ್ರಲ್ಲೇ ಓಡ್ತಿದೀಯಾ? ನೋಡು, ನೀನು ಮಾಡಿದ್ದು ನಂಗೆ ಇಷ್ಟ ಇಲ್ಲ. ಇವತ್ತೂ ಇಲ್ಲ, ನಾಳೆನೂ ಇಲ್ಲ. ಅದು ಬೇರೆ. ಹೊಟ್ಟೆಗೆ ತಿನ್ನೋದು ಬೇರೆ. ತಿಂಡಿ ಆಯ್ತಾ ಹೇಳು."

"ಇಲ್ಲ ಅಮ್ಮ. ನಾಟ್ ಯೆಟ್." ಹುಡುಗ ಅಳುತ್ತಿದ್ದ. ಕಾರ್ಡಿನ ದುಡ್ಡು ಮುಗಿಯುವವರೆಗೂ ಅಕ್ಕ ಬಿಡಲಿಲ್ಲ.

ವಿನು ಹೋದ, ಕ್ಷೇಮವಾಗಿ ಬಂದ. ಈಗ ಅಟ್ಲಾಂಟಾದಲ್ಲಿ ಹೈಸ್ಕೂಲು ಮಕ್ಕಳಿಗೆ ಓಟ ಕಲಿಸುತ್ತಾನೆ. ಅಕ್ಕನಿಗೆ ಮಂಡಿ ಬದಲಾಯಿಸಿದ್ದಾರೆ, ಮಗನ ಮನೆಯಲ್ಲೇ ಇದ್ದಾರೆ. ಓಡುವ ಮಕ್ಕಳನ್ನು ಕುರ್ಚಿಯಲ್ಲಿ ಕೂತೇ ಬೈಯುತ್ತಾರೆ.

ಮೊನ್ನೆ ಎಲೆಯ ಘಾಟು ಬೆರಳಿನಲ್ಲಿರುವಾಗಲೇ ನಾನು ಅವರಿಗೆ ಫೋನ್ ಮಾಡಿದೆ. ಜೆರೇನಿಯಮ್ ತಂದಿದ್ದೇವೆ ಅಕ್ಕ, ಆ ಹಳ್ಳಿ ನೆನಪಾಯಿತು ಎಂದೆ.  

"ನನ್ನ ಮಗ ಬಂದ ಕಣೋ" ಎಂದರು ಅಕ್ಕ. "ಅವಳು ಅಲ್ಲಿ ಇನ್ನೂ ನಿಂತೇ ಇದಾಳೆ, ಅಲ್ವಾ?"

ಹೂಂ ಎಂದೆ. ನಮ್ಮ ಟೌನ್‌ಹೌಸುಗಳ ಆಚೆ, ಪಾರ್ಕಿನ ಕೊಳದ ಪಕ್ಕದಲ್ಲಿ, ಯುದ್ಧಕ್ಕೆ ಹೋಗಿ ಬಾರದವರ ಹೆಸರಿನ ಒಂದು ಕಲ್ಲಿದೆ. ಎಷ್ಟೋ ವರ್ಷದಿಂದ ಬೆಳಗಿನ ಓಟದಲ್ಲಿ ನಾನು ಅಲ್ಲಿಗೆ ಬಂದಾಗ ಗಡಿಯಾರ ನೋಡಿಕೊಂಡು ವೇಗ ಹೆಚ್ಚಿಸುವವನು. ಭಾನುವಾರ ಬೆಳಿಗ್ಗೆ ಒಂದು ಕುಂಡವನ್ನು ಎದೆಗವಚಿಕೊಂಡು ನಡೆದೇ ಹೋದೆ. ಹೆಂಡತಿ ಎಲ್ಲಿಗೆ ಎಂದು ಕೇಳಿದ್ದಕ್ಕೆ, ಜಿಂಕೆ ಬರದ ಕಡೆಗೆ ಎಂದೆ. ಕುಂಡವನ್ನು ಕಲ್ಲಿನ ಬುಡದಲ್ಲಿರಿಸಿ, ಶೂ ಬಿಚ್ಚಿ, ಮೊದಲ ಸಲ ಆ ಹೆಸರುಗಳನ್ನು ಓದಿದೆ. ಒಬ್ಬೊಬ್ಬರ ಹೆಸರು ಓದುವಾಗಲೂ, ಅವರ ಮನೆಯಲ್ಲಿ ಯಾರಾದರೂ ಕೊನೆಯ ಸಲ ಫೋನಿನಲ್ಲಿ ತಿಂಡಿ ಆಯ್ತಾ ಎಂದು ಕೇಳಿರಲಿ ಎಂದುಕೊಂಡೆ.