ಸಹಿ ಹಾಕದ ಗೇಟು

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಶಿರಾಳಕೊಪ್ಪ ಪೇಟೆಗೆಲ್ಲ ವೈರ್‌ಮನ್ ಪರ್ಮಿಟ್ ಇದ್ದವನು ಮಾಸ್ತಪ್ಪ ಒಬ್ಬನೇ. ಪರ್ಮಿಟ್ಟೆಂದರೆ ರಟ್ಟಿನ ಹೊದಿಕೆಯ ಸಣ್ಣ ಪುಸ್ತಕ. ಒಳಗೆ ಫೋಟೋ, ನಂಬರು, ಸರ್ಕಾರದ ಮೊಹರು. ಅದಕ್ಕಾಗಿ ಅವನು ಜೋಗದ ಲೈನಿನಲ್ಲಿ ಹನ್ನೆರಡು ವರ್ಷ ಕಂಬ ಹತ್ತಿ ಇಳಿದಿದ್ದ. ಶಿವಮೊಗ್ಗದಲ್ಲಿ ಎರಡು ಸಲ ಪರೀಕ್ಷೆಗೆ ಕೂತು ಒಂದು ಸಲ ಪಾಸಾಗಿದ್ದ. ಈ ಗಡಿಬಿಡಿಯಲ್ಲಿ ಮದುವೆಯ ವಯಸ್ಸು ಯಾವ ಕಂಬದ ಬುಡದಲ್ಲಿ ದಾಟಿಹೋಯಿತೋ ಅವನಿಗೇ ತಿಳಿಯದು. ಈಗ ನಲವತ್ತೇಳು. ಸ್ವಂತ ಊರು ಸೊರಬದ ಕಡೆಯ ಹೊಸಬಾಳೆ. ಅಲ್ಲಿ ಅಣ್ಣನ ಮಕ್ಕಳಿಗೂ ಅವನ ಗುರುತು ಅಷ್ಟಕ್ಕಷ್ಟೆ.

ಪೇಟೆಗೆ ಅವನು ಬೇಕು, ಹತ್ತಿರ ಮಾತ್ರ ಬೇಡ. ಕರೆಂಟು ಮುಟ್ಟುವ ಕೈಯಲ್ಲಿ ಒಂದಿಷ್ಟು ಕರೆಂಟು ಉಳಿದೇ ಇರುತ್ತದೆ ಎಂಬುದು ಜನರ ನಂಬಿಕೆ. ಚಹಾದಂಗಡಿಯ ಲೋಕಮ್ಮ ಲೋಟವನ್ನು ಅವನ ಕೈಗೆ ಕೊಡದೆ ಹಲಗೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದಳು. ಕ್ಷೌರದವನು ಕತ್ತರಿ ಎತ್ತುವ ಮೊದಲು, ಇವತ್ತು ಲೈನಿನ ಕೆಲಸವಿತ್ತೇ ಎಂದು ವಿಚಾರಿಸುತ್ತಿದ್ದ. ನಾಲ್ಕಕ್ಷರ ಕಲಿತವರು ಇದನ್ನು ಕೇಳಿ ನಗುತ್ತಿದ್ದರು. ಆದರೆ ಆ ಕಲಿತವರಲ್ಲಿ, ಇದನ್ನು ಬರೆಯುವವನೂ ಸೇರಿದಂತೆ, ಯಾರೊಬ್ಬರೂ ಅವನ ಕೈ ಹಿಡಿದು ಮಾತಾಡಿಸಿದ ದಾಖಲೆಯಿಲ್ಲ.

ಹೀಗಾಗಿ ಸಂಜೆ ಹೋಗಿ ಕೂರಲು ಅವನಿಗೆ ಇದ್ದದ್ದು ಒಂದೇ ಜಗಲಿ, ಅಕ್ಕಿ ಗಿರಣಿಯ ಪಂಚಾಕ್ಷರಪ್ಪನವರದು. ಗಿರಣಿಗೆ ಮೊದಲ ಮೋಟಾರು ಕೂರಿಸಿದವನು ಅವನೇ. ಆವತ್ತು ಸಾಹುಕಾರರ ಹೆಂಡತಿ ರಾಜೇಶ್ವರಮ್ಮ ಕೂರಿಸಿ ಒಗ್ಗರಣೆ ಮಂಡಕ್ಕಿ ಕೊಟ್ಟಿದ್ದರು. ಆಮೇಲೆ ಏಳು ವರ್ಷ, ದಿನಾ ಆರು ಗಂಟೆಗೆ ಅಲ್ಲಿಗೆ ಹೋಗುವುದು, ಸಾಹುಕಾರರ ಜೊತೆ ಚೌಕಾಬಾರ ಆಡುವುದು, ಸೋಲುವುದು. ತಾವು ಗೆದ್ದರೆ ಸಾಹುಕಾರರು ಇನ್ನೊಂದು ಆಟಕ್ಕೆ ಕೂರುತ್ತಿದ್ದರು. ಸೋತರೆ ನಿದ್ದೆ ಬಂತೆಂದು ಎದ್ದುಬಿಡುತ್ತಿದ್ದರು. ಹಾಗಾಗಿ ಮಾಸ್ತಪ್ಪ ಸೋಲುವ ವಿದ್ಯೆಯನ್ನು ಬಹಳ ಶ್ರದ್ಧೆಯಿಂದ ಕಲಿತಿದ್ದ.

ಆ ವರ್ಷ ಪಂಚಾಕ್ಷರಪ್ಪನವರು ದಾವಣಗೆರೆಗೆ ಹೋದವರು, ಅಲ್ಲೆಲ್ಲೋ ಕರೆಂಟಿನಿಂದ ತಾನೇ ಸರಿಯುವ ಕಬ್ಬಿಣದ ಗೇಟು ನೋಡಿ ಬಂದರು. ಬಂದವರಿಗೆ, ತಮ್ಮ ಗಿರಣಿಗೂ ಅಂಥದ್ದು ಬೇಕೆಂಬ ಹಟದಲ್ಲಿ, ಊಟ ಸೇರಲಿಲ್ಲ. ಅವರ ಅಕ್ಕನ ಮಗ ಗುರುಮಲ್ಲಪ್ಪ ರೇಡಿಯೋ ರಿಪೇರಿಯ ಪುಸ್ತಕವನ್ನು ಅರ್ಧದವರೆಗೆ ಓದಿದ್ದವನು. ಅದೇನು ಮಹಾ ವಿದ್ಯೆ, ನಾನೇ ಮಾಡುತ್ತೇನೆಂದ. ಮಾಸ್ತಪ್ಪ ಸೊರಬದ ಕಡೆಗೆ ಪಂಪಿನ ಕೆಲಸಕ್ಕೆಂದು ಹೋಗಿ ಹದಿನೈದು ದಿನ ಬಿಟ್ಟು ಬರುವಷ್ಟರಲ್ಲಿ ಗೇಟು ಎದ್ದಿತ್ತು.

ತುಂಬಿದ ಎತ್ತಿನ ಗಾಡಿಯಷ್ಟು ಭಾರದ ಗೇಟು. ಕೆಳಗೆ ಹಳಿ, ಪಕ್ಕದಲ್ಲಿ ಮೋಟಾರು, ಎರಡರ ನಡುವೆ ಮುಚ್ಚಳವಿಲ್ಲದ ಸರಪಳಿ. ಸ್ವಿಚ್ಚು ಮಾತ್ರ ಒಳಗೆ, ಆಫೀಸಿನಲ್ಲಿ, ಸಾಹುಕಾರರ ಗಾದಿಯ ಪಕ್ಕ. ಕೂತಲ್ಲಿಂದ ಸ್ವಿಚ್ಚು ಒತ್ತಿದರೆ ಅಲ್ಲಿ ಗೇಟು ಸರಿಯಬೇಕು, ಅದೇ ಅದರ ದೊಡ್ಡಸ್ತಿಕೆ. ಗಾದಿಯಿಂದ ಗೇಟು ಕಾಣುತ್ತಿರಲಿಲ್ಲ. ನಡುವೆ ಭತ್ತದ ಚೀಲಗಳ ಗೋಡೆ.

ಹೊಸ ಮೋಟಾರಿಗೆ ಕರೆಂಟ್ ಆಫೀಸಿನ ಮಂಜೂರಾತಿ ಬೇಕು, ಮಂಜೂರಾತಿಯ ಕಾಗದಕ್ಕೆ ಪರ್ಮಿಟ್ ಇದ್ದವನ ಸಹಿ ಬೇಕು. ಸಾಹುಕಾರರು ಕಾಗದವನ್ನು ಚೌಕಾಬಾರದ ಮನೆಯ ಮೇಲೇ ಇಟ್ಟು ಪೆನ್ನು ಕೊಟ್ಟರು. ಮಾಸ್ತಪ್ಪನ ಕೈ ಪೆನ್ನಿನವರೆಗೆ ಹೋದದ್ದು ನಿಜ. ಆಮೇಲೆ, ಒಂದು ಸಲ ನೋಡಿಬಿಡುತ್ತೇನೆ ಎಂದು ಎದ್ದ.

ಹಿತ್ತಲಿನಿಂದ ತೊಡೆ ದಪ್ಪದ ಬಾಳೆದಿಂಡು ತಂದು ಗೇಟಿನ ದಾರಿಯಲ್ಲಿ ಕಲ್ಲುಕಂಬಕ್ಕೆ ಆನಿಸಿ ನಿಲ್ಲಿಸಿದ. ಗುರುಮಲ್ಲಪ್ಪ ಒಳಗೆ ಹೋಗಿ ಸ್ವಿಚ್ಚು ಹಾಕಿದ. ಗೇಟು ಗಂಭೀರವಾಗಿ ಬಂತು, ದಿಂಡನ್ನು ಕಂಬಕ್ಕೆ ಒತ್ತಿ ನೀರಿಳಿಸಿತು, ಆಮೇಲೂ ಮೋಟಾರು ನಿಲ್ಲದೆ ಗುರುಗುಟ್ಟಿತು.

ಪಂಚಾಕ್ಷರಪ್ಪನವರು ನಕ್ಕರು. “ಬಾಳೆದಿಂಡಿಗೆ ಕಣ್ಣಿಲ್ಲ ಬಿಡ್ರಿ. ಮನುಷ್ಯಾರಿಗೆ ಐತಲ್ಲ.”

ಸ್ವಿಚ್ಚು ಗೇಟಿನ ಹತ್ತಿರವೇ, ಗೇಟು ಕಾಣುವಲ್ಲಿ ಇರಬೇಕೆಂದ ಮಾಸ್ತಪ್ಪ. ಬೆರಳು ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಗೇಟು ಓಡಬೇಕು, ಕೈಬಿಟ್ಟರೆ ನಿಲ್ಲಬೇಕು. ಸರಪಳಿಗೆ ತಗಡಿನ ಮುಚ್ಚಳ, ಮುಟ್ಟಿದವರಿಗೆ ಷಾಕು ಹೊಡೆಯದಂತೆ ಮೋಟಾರಿಗೆ ಅರ್ತಿಂಗು, ಕರೆಂಟು ಹೋದಾಗ ಸರಪಳಿ ಕಳಚಿ ಕೈಯಿಂದ ತಳ್ಳಲು ಒಂದು ಕೊಂಡಿ. ಗೇಟಿನ ಬಳಿ ನಿಂತು ಸ್ವಿಚ್ಚು ಒತ್ತುವುದಾದರೆ ಅದಕ್ಕೆ ಒಬ್ಬ ಜವಾನ ಸಾಕಲ್ಲ, ಸಾಹುಕಾರಿಕೆ ಯಾಕೆ ಎಂದು ಗುರುಮಲ್ಲಪ್ಪ ಕೇಳಿದ.

“ಏಳು ವರ್ಷ ನನ್ನ ಜಗಲಿ ಮ್ಯಾಲೆ ಕುಂತೀರಿ,” ಎಂದರು ಪಂಚಾಕ್ಷರಪ್ಪನವರು. ಈ ಸಲ ನಗಲಿಲ್ಲ. “ಒಂದು ಸಹಿ ಕೇಳಿದ್ರೆ ಕಾಯ್ದೆ ಓದ್ತೀರಲ್ಲ.”

“ಯಾರಿಗೂ ಅಪಾಯ ಇಲ್ಲ, ನಾನೇ ನೋಡಿದೀನಿ ಅಂತ ಇದರಲ್ಲಿ ಬರ್ದಿದೆ ಸಾವ್ಕಾರ್ರೇ. ನೋಡಿದೀನಿ, ಅದು ಖರೆ. ಅಪಾಯ ಇದೆಯಲ್ಲ ಮಾರಾಯ್ರೆ, ಏನು ಮಾಡಲಿ?”

ಕಾಗದ ಮಡಿಕೆಯಾಗಿ ಸಾಹುಕಾರರ ಜೇಬಿಗೆ ಹೋಯಿತು. ಆವತ್ತು ಆಟ ನಡೆಯಲಿಲ್ಲ.

ವಾರದೊಳಗೆ ಬೇರೆ ಊರಿನ ಯಾವನೋ ಪರ್ಮಿಟ್ಟಿನವನ ಸಹಿ ಬಂತು. ಅವನು ಗೇಟು ನೋಡಲು ಬರಲಿಲ್ಲ, ಸಹಿ ಮಾತ್ರ ಬಸ್ಸಿನಲ್ಲಿ ಬಂತು. ಗೇಟಿಗೆ ಪೂಜೆಯಾಯಿತು, ಪೇಟೆಗೆಲ್ಲ ಪೇಡ ಹಂಚಿದರು. ಮಾಸ್ತಪ್ಪನ ಬಾಡಿಗೆ ಕೋಣೆ ಪೇಟೆಯ ಆಚೆ ತುದಿಯಲ್ಲಿತ್ತು. ಪೇಡ ಅಷ್ಟು ದೂರ ನಡೆಯಲಿಲ್ಲ.

ಮೊದಲ ಕೆಲವು ದಿನ ಆರು ಗಂಟೆಗೆ ಅವನ ಕಾಲುಗಳು ತಾವಾಗಿ ಚಪ್ಪಲಿ ಮೆಟ್ಟುತ್ತಿದ್ದವು. ಅವನು ಮತ್ತೆ ಬಿಚ್ಚಿಸಿ ಕೂರಿಸುತ್ತಿದ್ದ. ಚೌಕಾಬಾರ ಒಬ್ಬನೇ ಆಡಿ ನೋಡಿದ. ಎರಡೂ ಕಡೆ ತಾನೇ ಆದರೆ ಯಾರು ಸೋಲಬೇಕೆಂಬುದು ತೀರ್ಮಾನವಾಗದೆ ಕವಡೆ ಎತ್ತಿಟ್ಟ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಗೇಟು ಅವನ ತಲೆಯಿಂದ ಹೋಗಲಿಲ್ಲ. ಗಿರಣಿ ಬಿಡುವುದು ಐದೂವರೆಗೆ. ಹೆಂಗಸರು ತವುಡಿನ ಬುಟ್ಟಿ ಹೊತ್ತು ಹೊರಡುವುದೂ, ಗುರುಮಲ್ಲಪ್ಪ ಒಳಗಿನಿಂದ ಸ್ವಿಚ್ಚು ಹಾಕುವುದೂ ಅದೇ ಹೊತ್ತಿಗೆ.

ಎರಡನೆಯ ವಾರ ಅವನು ಐದೂಕಾಲಕ್ಕೇ ಹೋಗಿ ಗಿರಣಿಯ ಎದುರು, ರಸ್ತೆಯಾಚೆ, ಹುಣಸೆಮರದ ಕೆಳಗೆ ನಿಂತ. ಗೇಟು ಅಲುಗಿತೋ, “ನಿಲ್ರೀ, ಬಂತು,” ಎಂದು ಕೂಗುವುದು. ಗೇಟು ಮುಚ್ಚಿದ ಮೇಲೆ ಮನೆಗೆ ಹೋಗುವುದು. ಇದೇ ಕೆಲಸವಾಯಿತು. ಅರವತ್ತು ದಾಟಿದ ಹುಲಿಯಮ್ಮ ಒಂದು ದಿನ ಬುಟ್ಟಿಯಡಿಯಿಂದ ಕೇಳಿದಳು:

“ದಿನಾ ನನ್ನ ಕಾಯಾಕೆ ನಿಂತ್ಕಂತೀಯಲ್ಲಪ್ಪಾ. ಊರಾಗೆ ಏನಂದಾರು?”

“ನಿನ್ನಲ್ಲ, ನಿನ್ನ ಬುಟ್ಟಿ ಕಾಯಾಕೆ.”

“ಅದ್ಕೇ ಮತ್ತೆ ನಿನಗೆ ಯಾರೂ ಹೆಣ್ಣು ಕೊಡ್ಲಿಲ್ಲ,” ಎಂದು ಆಕೆ ನಡೆದಳು. ಆ ವಾರದಲ್ಲಿ ಅವನೊಂದಿಗೆ ಯಾರಾದರೂ ಆಡಿದ ಅತಿ ಉದ್ದದ ಮಾತು ಅದು. ಕೋಣೆಗೆ ಬಂದ ಮೇಲೂ ಅದನ್ನೇ ನೆನೆದು ನಕ್ಕ.

ಹೀಗೆ ತಿಂಗಳು ಕಳೆಯಿತು. ಒಂದು ಸಂಜೆ ಶಿಕಾರಿಪುರದ ಬಸ್ಸಿಳಿದು ಪಂಚಾಕ್ಷರಪ್ಪನವರು ನಡೆದು ಬಂದರು. ಮರದ ಕೆಳಗೆ ನಿಂತವನನ್ನು ನೋಡಿಯೂ ನೋಡದಂತೆ ಹೋಗಬಹುದಿತ್ತು. ಹೋಗಲಿಲ್ಲ.

“ಯಾಕೆ ನಿಂತೀರಿ?”

“ಗೇಟು ಹಾಕೋ ಹೊತ್ತು.”

“ಅದರ ಮ್ಯಾಲೆ ನಿಮ್ಮ ಸಹಿ ಇಲ್ಲ. ಏನಾದ್ರೂ ಆದ್ರೆ ನಿಮ್ಮನ್ನ ಯಾರು ಕೇಳ್ತಾರೆ?”

“ಯಾರೂ ಕೇಳಲ್ಲ. ನಾನು ನೋಡಿಬಿಟ್ಟಿದೀನಲ್ರೀ.”

ಅಷ್ಟರಲ್ಲಿ ಗೇಟು ಅಲುಗಿತು. ಹುಲಿಯಮ್ಮ ಹೊರಗೆ ಬರುತ್ತಿದ್ದಳು. ತಲೆಯ ಮೇಲೆ ಹೊರೆ ಇದ್ದವರು ಕತ್ತು ಹೊರಳಿಸುವಂತಿಲ್ಲ. ನೆಟ್ಟಗೆ ಮುಂದೆ ನೋಡಿ ನಡೆಯಬೇಕು. ಗೇಟು ಬರುತ್ತಿದ್ದದ್ದು ಪಕ್ಕದಿಂದ. ಮಾಸ್ತಪ್ಪ ಕೂಗಿದ. ಆಕೆ ನಿಂತಳು. ಅವಳ ಮೂಗಿನ ಮುಂದೆ ಒಂದು ಗೇಣು ಬಿಟ್ಟು ಕಬ್ಬಿಣ ಹಾದುಹೋಗಿ ಕಂಬಕ್ಕೆ ಬಡಿಯಿತು.

ಸಾಹುಕಾರರು ತಮ್ಮ ಗೇಟು ಮುಚ್ಚುವುದನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು. ನೀವು ಹೇಳಿದ ಹಾಗೆ ಮಾಡಲು ಎಷ್ಟು ದಿನದ ಕೆಲಸ ಎಂದು ಕೇಳಿದರು. ನಾಲ್ಕು ದಿನವೆಂದ ಮಾಸ್ತಪ್ಪ.

ನಾಲ್ಕು ದಿನದಲ್ಲಿ ಸ್ವಿಚ್ಚು ಗೇಟಿನ ಕಂಬಕ್ಕೆ ಬಂತು. ಬೆರಳು ತೆಗೆದರೆ ಗೇಟು ನಿಂತಲ್ಲೇ ನಿಲ್ಲುತ್ತಿತ್ತು. ಸರಪಳಿಗೆ ತಗಡು, ಮೋಟಾರಿಗೆ ಅರ್ತಿಂಗು, ಕಳಚುವ ಕೊಂಡಿ ಎಲ್ಲವೂ ಆಯಿತು. ಗುರುಮಲ್ಲಪ್ಪ ಮುಖ ಊದಿಸಿಕೊಂಡೇ ಸ್ವಿಚ್ಚು ಒತ್ತಿ ಹಿಡಿಯುವುದನ್ನು ಕಲಿತ. ಐದನೆಯ ದಿನ ಸಂಜೆ ಹೊಸ ಕಾಗದದ ಮೇಲೆ ಮಾಸ್ತಪ್ಪ ನಿಧಾನವಾಗಿ ಸಹಿ ಹಾಕಿ, ಕೆಳಗೆ ಪರ್ಮಿಟ್ ನಂಬರು ಬರೆದ. ಹುಲಿಯಮ್ಮ ದಾಟಿಹೋದಳು, ಗುರುಮಲ್ಲಪ್ಪ ಎಡಬಲ ನೋಡಿ ಗೇಟು ಮುಚ್ಚತೊಡಗಿದ. ಕೂಗಲು ಏನೂ ಇರಲಿಲ್ಲ.

ಪಂಚಾಕ್ಷರಪ್ಪನವರು ಕಾಗದ ತೆಗೆದುಕೊಂಡು ಬಹಳ ಮರ್ಯಾದೆಯಿಂದ ಕೈಮುಗಿದರು. “ಇನ್ನು ನೀವು ನಿಲ್ಲೋ ತ್ರಾಸಿಲ್ಲ. ಮನೆ ಕಡೆ ಬಂದು ಹೋಗ್ತಿರ್ರಿ.”

ಬರುತ್ತೇನೆಂದ ಮಾಸ್ತಪ್ಪ. ಏಳು ವರ್ಷದಲ್ಲಿ ಆ ಮನೆಯವರು ಅವನಿಗೆ ಬಂದು ಹೋಗಿ ಎಂದು ಒಮ್ಮೆಯೂ ಹೇಳಿದವರಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ; ಹಾಗೆ ಹೇಳುವುದು ಹೊರಗಿನವರಿಗೆ. ಅವನು ಇಕ್ಕಳ, ತಂತಿ ಚೀಲಕ್ಕೆ ಹಾಕಿಕೊಂಡು ರಸ್ತೆ ದಾಟಿದ. ಗಂಟೆ ಆರಾಗಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಅಷ್ಟು ಬೇಗ ಕೋಣೆಗೆ ಹೋಗಿ ಮಾಡುವುದೇನೆಂದು ತಿಳಿಯದೆ, ಬಸ್ಸು ನಿಲ್ಲುವಲ್ಲಿ ಹೋಗಿ, ಯಾರನ್ನೋ ಕರೆದೊಯ್ಯಲು ಬಂದವನ ಹಾಗೆ ನಿಂತುಕೊಂಡ.