ತಳಕ್ಕೆ ಕೈ ಹಾಕುವ ಮೇಷ್ಟ್ರು

ಡೇಟಾ ಸೈನ್ಸ್ ಡಿಗ್ರಿಗೆ ಸೇರುವ ಮುನ್ನ ಕೋಲಾರದ ಕಾಲೇಜಿನಲ್ಲಿ ನಮಗೊಂದು ಬೇಸಿಗೆ ಕೋರ್ಸ್ ಇತ್ತು. ಅಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡಲು ಶ್ರೀನಿವಾಸಪುರದಿಂದ ಬರುತ್ತಿದ್ದ ಮೇಷ್ಟ್ರ ಶರ್ಟಿನ ತೋಳಿನಲ್ಲಿ ಯಾವಾಗಲೂ ಮಾವಿನ ಸೊನೆಯ ಕಲೆ. ಮೊದಲ ದಿನವೇ ಮಾವಿನಹಣ್ಣಿನ ಕ್ರೇಟೊಂದನ್ನು ಮೇಜಿನ ಮೇಲೆ ಕುಕ್ಕಿ, "ಹೆಂಗೈತೆ ಮಾಲು?" ಎಂದರು. ಮೇಲಿನ ಹಣ್ಣು ನೋಡಿ ನಾವೆಲ್ಲ "ಸೂಪರ್ ಸಾರ್" ಎಂದೆವು. ಅವರು ತಳಕ್ಕೆ ಕೈ ಹಾಕಿ, ಕೊಳೆತದ್ದೊಂದನ್ನು ಎತ್ತಿ ನಮ್ಮ ಮೂಗಿಗೆ ಹಿಡಿದರು.

"ಮಂಡೀಲಿ ಎಲ್ರೂ ಚೆನ್ನಾಗಿರೋದನ್ನೇ ಮೇಲಿಡ್ತಾರೆ. ತಳಕ್ಕೆ ಕೈ ಹಾಕ್ರಯ್ಯಾ!"

ಆಮೇಲೆ ಯಾವ ಲೆಕ್ಕಕ್ಕೂ ಅದೇ ಮಂತ್ರ.

ಕೊನೆಯ ವಾರ, ಕೋರ್ಸ್ ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಆಡಳಿತ ಮಂಡಳಿಯ ಅಧ್ಯಕ್ಷರು ಬಂದರು. ಪ್ರಿನ್ಸಿಪಾಲರು ಜಾಣರನ್ನೆಲ್ಲ ಹೆಕ್ಕಿ ಮೊದಲ ಬೆಂಚಿನಲ್ಲಿ ಕೂರಿಸಿದ್ದರು. ಆ ಜಾಣರು ಪಟಪಟನೆ ಉತ್ತರ ಒಪ್ಪಿಸಿದರು. ಅಧ್ಯಕ್ಷರು ತಲೆದೂಗುತ್ತ ಎದ್ದಾಗ ಮೇಷ್ಟ್ರು, "ಸಾರ್, ಅದು ಮೇಲಿನ ಮಾಲು. ತಳಕ್ಕೆ ಕೈ ಹಾಕಿ" ಎಂದು ಅವರನ್ನು ಕೊನೆಯ ಬೆಂಚಿಗೆ, ಅಂದರೆ ತೂಕಡಿಸುತ್ತಿದ್ದ ನನ್ನ ಬಳಿಗೆ ಕರೆತಂದರು.

"ಏನಪ್ಪಾ ಕಲಿತೆ ಇಲ್ಲಿ?" ಅಧ್ಯಕ್ಷರು ಕೇಳಿದರು.

"ಮೊದಲ್ನೇ ಬೆಂಚ್ ನೋಡಿ ವ್ಯಾಪಾರ ಮಾಡ್ಬಾರ್ದು ಅಂತ, ಸಾರ್."

ಮೇಷ್ಟ್ರು ಡೆಸ್ಕು ಕುಟ್ಟಿ ನಕ್ಕರು. "ಅದೇ ಕಣಯ್ಯಾ ಪಾಠ! ನೀನು ಪಾಸು!" ಪ್ರಿನ್ಸಿಪಾಲರ ಮುಖ ಮಾತ್ರ ಆ ಕೊಳೆತ ಹಣ್ಣನ್ನು ಆಗಷ್ಟೇ ಮೂಸಿದವರಂತಿತ್ತು.

ಮರುವರ್ಷ ಕಾಲೇಜಿನ ಗೇಟಿನಲ್ಲಿ ಬೇಸಿಗೆ ಕೋರ್ಸಿನ ದೊಡ್ಡ ಫ್ಲೆಕ್ಸ್, ಅದರ ತುಂಬ ಮೊದಲ ಬೆಂಚಿನವರ ಹಲ್ಲು. ಒಳಗೆ ಇಣುಕಿದೆ. ಪಾಠ ಮಾಡುತ್ತಿದ್ದ ಹೊಸ ಮೇಷ್ಟ್ರ ಬಿಳಿ ಶರ್ಟಿನ ತೋಳಿನಲ್ಲಿ ಒಂದು ಕಲೆಯೂ ಇರಲಿಲ್ಲ.