ನಿಲ್ಲಿಸಿ ನೋಡದ ಪಾದ

ಅವರ ಬೆರಳಸಂದುಗಳು ಸದಾ ನೀರಲ್ಲಿ ನೆನೆದು ಬೆಳ್ಳಗಾಗಿರುತ್ತಿದ್ದವು. ಆ ಬೆರಳುಗಳಿಂದ ಸೀರೆಯ ಅಂಚು ಜಗ್ಗಿ ಪಾದ ಮುಚ್ಚಿಕೊಂಡು, ಎರಡೂ ಕಾಲನ್ನು ಕುರ್ಚಿಯಡಿಗೆ ಸರಿಸಿ ಕೂರುತ್ತಿದ್ದರು. ಬುಕ್ಕಸಾಗರದಿಂದ ಹೊಸಪೇಟೆಯ ನನ್ನ ಫಿಸಿಯೊಥೆರಪಿ ಕ್ಲಿನಿಕ್ಕಿಗೆ ಬರುತ್ತಿದ್ದ ಅವರು ಭತ್ತದ ಸಸಿ ಹಚ್ಚುವ ಹೆಣ್ಣಾಳುಗಳ ಗುಂಪಿನ ಮುಂದಾಳು. ನಾನು ಕರೆಯುತ್ತಿದ್ದದ್ದು ನಾಟಿ ಅಕ್ಕ ಎಂದು.

ನೋವು ಸೊಂಟದ ಮೇಲೆ, ಬಲಗಡೆ. ಮೊದಲ ದಿನವೇ ಹೇಳಿದ್ದರು: "ಬೆನ್ನು ಬಗ್ಗಲಿಲ್ಲಂದ್ರ ಗುಂಪು ಬಿಡಬೇಕ್ರಿ ಡಾಕ್ಟ್ರಮ್ಮ. ಗುಂಪು ಬಿಟ್ರ ನನ್ನ ಯಾರು ಕೇಳ್ತಾರ?"

ಬೆನ್ನಿಗೆ ಕರೆಂಟು ಇಟ್ಟೆ, ಶಾಖ ಕೊಟ್ಟೆ, ಬೆಲ್ಟು ಕಟ್ಟಿಸಿದೆ. ಅವರು ನೋವಿನಲ್ಲೂ ಸುಮ್ಮನಿರುವವರಲ್ಲ. ಕತ್ತುನೋವಿಗೆ ಬಂದ ಬ್ಯಾಂಕಿನವರೊಬ್ಬರಿಗೆ, "ಕುಂತು ಕುಂತು ನೋವು ಬಂತೇನ್ರಿ? ನಮ್ಮ ಗದ್ದಿಗೆ ಬರ್ರಿ, ಕುಂದ್ರಾಕ ಜಾಗನ ಇಲ್ಲ" ಅಂದು ನಗಿಸಿದ್ದರು.

ಆರು ತಿಂಗಳಾದರೂ ಅಷ್ಟೇ. ಎರಡು ದಿನ ಹಗುರ, ಮೂರನೆಯ ದಿನ ಮತ್ತೆ ಶುರು. ನನ್ನ ತಾಳ್ಮೆ ಕೆಟ್ಟಿತು. "ಹೇಳಿದ ವ್ಯಾಯಾಮ ನೀವು ಮಾಡೋದೇ ಇಲ್ಲ" ಎಂದು ಎಲ್ಲರೆದುರು ಗದರಿದೆ. ಅವರು ತಲೆ ತಗ್ಗಿಸಿದರು. ದಿನಾ ಮಾಡುತ್ತಿದ್ದರು ಎಂದು ಆಮೇಲೆ ತಿಳಿಯಿತು.

ಅವರ ಕೆಲಸವನ್ನಾದರೂ ನೋಡೋಣವೆಂದು ಒಂದು ಬೆಳಿಗ್ಗೆ ಗದ್ದೆಗೆ ಹೋದೆ. ಅಲ್ಲಿ ಪಾದ ಕೆಸರಿನೊಳಗಿತ್ತು. ಕೆಲಸ ಮುಗಿಸಿ, ಕಾಲುವೆಯ ಕಲ್ಲಿನ ಮೇಲೆ ಬಲಗಾಲೂರಿ ಎಡಗಾಲು ತೊಳೆದುಕೊಳ್ಳುವಾಗ ಕಂಡಿತು. ಬಲಪಾದದ ಕಮಾನು ಕುಸಿದು ಪೂರ್ತಿ ಕಲ್ಲಿಗೆ ಅಂಟಿತ್ತು. ಹಿಮ್ಮಡಿ ವಾಲಿತ್ತು, ಮೊಣಕಾಲೂ ಒಳಕ್ಕೆ ತಿರುಗಿತ್ತು. ಪೃಷ್ಠದ ಸ್ನಾಯು ಸೊಂಟವನ್ನು ಹಿಡಿದಿಡಲಾರದೆ ಸೋಲುತ್ತಿತ್ತು, ಆ ಕೆಲಸವನ್ನೂ ಬೆನ್ನೇ ಮಾಡುತ್ತಿತ್ತು. ಎಲ್ಲ ಬೆನ್ನುನೋವಿಗೂ ಪಾದ ಕಾರಣವಲ್ಲ, ನಿಜ. ಆದರೆ ಆರು ತಿಂಗಳಲ್ಲಿ ಒಮ್ಮೆಯೂ ನಾನು ಅವರನ್ನು ಬರಿಗಾಲಲ್ಲಿ ನಿಲ್ಲಿಸಿ ನೋಡಿರಲಿಲ್ಲ.

"ಅಕ್ಕಾ, ಇದನ್ನ ಯಾಕ ತೋರಿಸಲಿಲ್ಲ?"

"ದೊಡ್ಡೋರ ಮುಂದ ಕಾಲು ಚಾಚ್ತಾರೇನ್ರಿ? ನಮ್ಮಂಥೋರ ಕಾಲು ನೀವ್ಯಾಕ ನೋಡ್ಬೇಕು?"

ವಯಸ್ಸಿನಲ್ಲಿ ಅವರು ನನ್ನ ತಾಯಿಯ ಸಮ. ನಾನು ಅರ್ಚಕರ ಮನೆಯ ಮಗಳು, ಅವರು ಕೇರಿಯವರು. ದೊಡ್ಡೋರು ಯಾರೆಂದು ಅವರು ಬಿಡಿಸಿ ಹೇಳಬೇಕಿರಲಿಲ್ಲ. ನನಗೆ ನಾಚಿಕೆಯಾಯಿತು.

ಪಾದಕ್ಕೆ ಚಿಕಿತ್ಸೆ ಶುರುಮಾಡುವ ಮೊದಲೇ, ಅದೇ ವಾರ, ಅವರು ಕೆಲಸದ ನಡುವೆ ಬದುವಿನ ಮೇಲೆ ಕುಸಿದು ಕೂತರು. ಗುಂಪಿನವರು ಚಿಕ್ಕ ವಯಸ್ಸಿನವಳೊಬ್ಬಳನ್ನು ಮುಂದಾಳು ಮಾಡಿಕೊಂಡರು.

ಮರುದಿನ ಕ್ಲಿನಿಕ್ಕಿನ ನೆಲದ ಮೇಲೆ ಕೂತು ಅವರ ಪಾದವನ್ನು ಕೈಗೆ ತೆಗೆದುಕೊಂಡೆ. "ಬ್ಯಾಡ್ರಿ, ಪಾಪ ನನಗ ಹತ್ತತೈತಿ" ಎಂದು ಎಳೆದುಕೊಂಡರು. ಕಣ್ಣಲ್ಲಿ ನೀರಿತ್ತು. ನಾನೇ ಆ ಕಾಲಿಗೆ ಕೈಮುಗಿದು ಕೇಳಿಕೊಂಡ ಮೇಲೆ ಕೊಟ್ಟರು. ಕಮಾನು ಎತ್ತಿ ನಿಲ್ಲುವುದನ್ನು, ಮಗ್ಗುಲಾಗಿ ಮಲಗಿ ಕಾಲೆತ್ತುವುದನ್ನು ಕಲಿಸಿದೆ. ಮೂರು ತಿಂಗಳಿಗೆ ನೋವು ಅರ್ಧಕ್ಕರ್ಧ ಇಳಿಯಿತು. ಗುಂಪಿನವರು ಮಾತ್ರ ಅವರನ್ನು ಮತ್ತೆ ಕರೆಯಲಿಲ್ಲ.

ಕಂಪ್ಲಿಯಲ್ಲಿರುವ ಮಗಳ ಮನೆಯಲ್ಲೇ ಇರಲು ಹೊರಟ ದಿನ ಬಂದಿದ್ದರು. "ನನ್ನಿಂದ ತಪ್ಪಾಯ್ತು ಅಕ್ಕಾ" ಎಂದೆ.

"ಮುಂದ ಬರೋ ಹೆಣ್ಮಗಳಿಗೆ ಬೈಬ್ಯಾಡ್ರಿ. ಮೊದ್ಲು ನಿಲ್ಲಿಸಿ ನೋಡ್ರಿ" ಎಂದರು.

ಈಗ ಯಾರೇ ಬಂದರೂ ಹಾಗೇ ಮಾಡುತ್ತೇನೆ. ಆ ಪಾಠ ನನಗೆ ದಕ್ಕುವಷ್ಟರಲ್ಲಿ ಅವರ ಗುಂಪು ಕೈತಪ್ಪಿತ್ತು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ.